ಶಮೀಮ್ ಆಪಾ ಅಳೆದ ಕಾರು

ಬೀದಿಗೆ ಬೆನ್ನು ಮಾಡಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಆ ಹೆಂಗಸು ತಲೆ ಎತ್ತಲಿಲ್ಲ. ಹೊರಗೆ ಯಾವುದೋ ಕಾರಿನ ಡಿಕ್ಕಿ ಮುಚ್ಚಿದ ಸದ್ದಾಯಿತು. ‘ಸೆಡಾನು,’ ಅಂದರು. ನಾನು ಬಗ್ಗಿ ನೋಡಿದೆ. ಸೆಡಾನೇ.

ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು. ‘ಇದು ಹ್ಯಾಚ್‌ಬ್ಯಾಕು. ಒಳಗಿನ ಗಾಳಿಯೆಲ್ಲ ಒತ್ತಿ ಮುಚ್ಕೊಳ್ತು, ಕೇಳಿಸ್ತಾ?’

ನನಗೆ ಕೇಳಿಸಿದ್ದು ಬರೀ ಧಡ್ ಅನ್ನುವ ಸದ್ದು. ಮತ್ತೆ ಬಗ್ಗಿ ನೋಡಿದೆ. ಮತ್ತೆ ಸರಿ.

ಇದು ಚಿಂತಾಮಣಿಯ ಮಾತು. ಸ್ನೇಹಿತರ ಮಗಳ ಮದುವೆಗೆ ಚಿಕ್ಕಬಳ್ಳಾಪುರದಿಂದ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ನನ್ನ ಹಳೇ ಕಾರಿನ ಸೀಟ್ ಕವರ್ ಹರಿದು ಒಳಗಿನ ಸ್ಪಂಜು ಇಣುಕುತ್ತಿತ್ತು. (ನನ್ನ ಹೆಂಡತಿ ಒಂದು ವರ್ಷದಿಂದ ಅದರ ಮೇಲೆ ಟವೆಲ್ ಹಾಸಿ ಮನೆಯ ಮಾನ ಕಾಪಾಡುತ್ತಿದ್ದಳು.) ಛತ್ರದ ಎದುರಿನ ಸಾಲಿನಲ್ಲೇ ಸೀಟ್ ಕವರ್ ಹೊಲಿಯುವ ಅಂಗಡಿ ಕಂಡಿತು. ನುಗ್ಗಿದೆ.

ಅಂಗಡಿಯಲ್ಲಿದ್ದವರು ಶಮೀಮ್. ಬೀದಿಗೆಲ್ಲ ಶಮೀಮ್ ಆಪಾ, ಅಂದರೆ ಅಕ್ಕ. ಐವತ್ತೈದರ ಆಸುಪಾಸು. ಗಂಡನ ಕಣ್ಣು ಮಂಜಾದ ಮೇಲೆ ಇವರೇ ಅಂಗಡಿ ನೋಡಿಕೊಳ್ಳುತ್ತಿದ್ದಾರೆ. ಕಾರು ಓಡಿಸಲು ಬರುವುದಿಲ್ಲ. ಸ್ವಂತ ಕಾರೂ ಇಲ್ಲ. ಆದರೆ ಗೋಡೆ ತುಂಬ ರಟ್ಟಿನ ಮಾದರಿಗಳು ನೇತಾಡುತ್ತಿದ್ದವು. ಯಾವ ಕಾರಿನ ಯಾವ ಸೀಟು ಎಂದು ಒಂದರ ಮೇಲೂ ಬರೆದಿರಲಿಲ್ಲ. ಕೈ ಚಾಚಿದರೆ ಬೇಕಾದದ್ದೇ ಸಿಗುತ್ತಿತ್ತು.

ನಾನು ಸುಮ್ಮನೆ ಕೂರಬಹುದಿತ್ತು. ಅಂಕಣ ಬರೆಯುವವನಿಗೆ ಅದು ಎಲ್ಲಿ ಸಾಧ್ಯ? ‘ನಾವೂ ಒಂದು ಸೆಡಾನ್ ಗೊತ್ತು ಮಾಡಿದ್ದೀವಿ, ನಮ್ಮಕ್ಕನಿಗೆ. ಗಾಲಿಕುರ್ಚಿಯಲ್ಲಿ ಓಡಾಡ್ತಾಳೆ. ಆರಾಮಾಗಿ ಕಾಲು ಚಾಚಿ ಕೂತ್ಕೊಳ್ಳಲಿ ಅಂತ,’ ಎಂದು ಕೊಚ್ಚಿಕೊಂಡೆ.

ಮೆಷಿನ್ ನಿಂತಿತು.

ಅಕ್ಕನ ವಿಷಯ ಹೇಳಬೇಕು. ಅಕ್ಕ ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮೂರು ವರ್ಷದ ಹಿಂದೆ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಬಲವಿಲ್ಲ. ಎಂಟು ತಿಂಗಳಿಗೆಲ್ಲ ಗಾಲಿಕುರ್ಚಿಯಲ್ಲಿ ಕ್ಲಾಸಿಗೆ ವಾಪಸಾದಳು. ದಿನಾ ಬೆಳಿಗ್ಗೆ ಭಾವ ಒಂದು ಕಡೆ, ಆಟೋದವರು ಇನ್ನೊಂದು ಕಡೆ ಹಿಡಿದು ಎತ್ತಿ ಆಟೋದೊಳಗೆ ಕೂರಿಸುತ್ತಾರೆ. ಶಾಲೆಯ ಗೇಟಿನಲ್ಲಿ ಹಾಗೇ ಎತ್ತಿ ಇಳಿಸುತ್ತಾರೆ. ತನ್ನದೇ ವಿದ್ಯಾರ್ಥಿಗಳು ನೋಡುತ್ತಿರುತ್ತಾರೆ. ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಆದರೆ ಹೋದ ತಿಂಗಳು ಭಾವ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದರು: ‘ಸ್ವಯಂ ನಿವೃತ್ತಿಗೆ ಅರ್ಜಿ ಬರೆದಿಟ್ಟವಳೆ ಕಣಪ್ಪ. ಇನ್ನೂ ಕೊಟ್ಟಿಲ್ಲ.’

ಅದಕ್ಕೇ ಕಾರು. ಓಡಿಸುವವರು ಭಾವ, ಆರಿಸುವ ಜವಾಬ್ದಾರಿ ನನ್ನದು. ನನಗೋ ಕಾರುಗಳಲ್ಲಿ ಎರಡೇ ಜಾತಿ ಗೊತ್ತು: ಸಣ್ಣದು, ದೊಡ್ಡದು. ಉದ್ದ ಮೂತಿ, ಉದ್ದ ಬಾಲ ಇದ್ದರೆ ಮರ್ಯಾದಸ್ಥರ ಕಾರು ಎಂದು ನಂಬಿದ ಕಾಲದವನು ನಾನು.

‘ಸಾರ್, ಅವ್ರು ಕುರ್ಚಿಯಿಂದ ಸೀಟಿಗೆ ಹೆಂಗೆ ಹೋಗ್ತಾರೆ?’ ಆಪಾ ಕೇಳಿದರು.

‘ಎತ್ತಿ ಕೂರಿಸ್ತೀವಿ.’

‘ಅದು ಆಟೋದಲ್ಲೂ ಆಗ್ತಾ ಐತಲ್ಲ. ಹಂಗಿದ್ರೆ ಕಾರು ಯಾಕೆ?’

ಇದಕ್ಕೆ ನೀವಾದರೆ ಏನು ಹೇಳುತ್ತಿದ್ದಿರಿ?

ಆಪಾ ಎದ್ದು ಮೂರು ತುಂಡು ಸ್ಪಂಜು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ‘ಇದು ಎಂಜಿನ್ನಿನ ಡಬ್ಬ. ಇದು ಜನದ್ದು. ಇದು ಸಾಮಾನಿಂದು. ಮೂರೂ ಬೇರೆ ಬೇರೆ ಇದ್ರೆ ಸೆಡಾನು.’ ಮೂರನೆಯ ತುಂಡನ್ನು ತೆಗೆದರು. ‘ಈಗ ಸಾಮಾನು ಜನದ ಡಬ್ಬದೊಳಗೇ ಬಂತು. ಹಿಂದಿನ ಬಾಗ್ಲು ಗಾಜಿನ ಸಮೇತ ಮೇಲಕ್ಕೆ ಏಳ್ತದೆ. ಹ್ಯಾಚ್‌ಬ್ಯಾಕು.’ ಅದರ ಕೆಳಗೆ ಇನ್ನೊಂದು ಸ್ಪಂಜು ತೂರಿಸಿ ಎತ್ತರ ಮಾಡಿದರು. ‘ನೆಲ ಬಿಟ್ಟು ಮೇಲೆ ಎದ್ರೆ ಎಸ್‌ಯುವಿ. ಉದ್ದ ಮಾಡಿ ಮೂರು ಸಾಲು ಸೀಟು ಹಾಕಿದ್ರೆ ಎಂಪಿವಿ. ಮುರುಗಮಲ್ಲದ ದರ್ಗಾಕ್ಕೆ ಮನೆಮಂದಿಯೆಲ್ಲ ತುಂಬ್ಕೊಂಡು ಬರ್ತಾರಲ್ಲ, ಅವು.’

ಇಷ್ಟಕ್ಕೇ ನಾನು ಬೆರಗಾಗಿದ್ದೆ. ಅವರು ಕತ್ತರಿ ತಗೊಂಡು ತೆಗೆದಿಟ್ಟಿದ್ದ ಮೂರನೆಯ ತುಂಡನ್ನು, ಅಂದರೆ ಸೆಡಾನಿನ ಬಾಲವನ್ನು, ಅರ್ಧಕ್ಕೆ ಕತ್ತರಿಸಿದರು.

‘ಕೆಲವು ಸೆಡಾನ್‌ದು ಬಾಲ ಮೋಟು ಇರ್ತದೆ, ನೋಡಿದೀರಾ? ನಾಲ್ಕು ಮೀಟರ್ ಒಳಗೆ ಇದ್ದು, ಎಂಜಿನ್ನೂ ಸಣ್ಣದಿದ್ರೆ ತೆರಿಗೆ ಕಮ್ಮಿ. ಅದಕ್ಕೆ ಹಿಂಗೆ.’

ಎಷ್ಟು ವರ್ಷದಿಂದ ಆ ಮೋಟು ಬಾಲಗಳನ್ನು ನೋಡುತ್ತಿದ್ದೇನೆ! ವಿನ್ಯಾಸ ಮಾಡಿದವರಿಗೆ ರುಚಿ ಇಲ್ಲ ಎಂದು ಒಮ್ಮೆ ಇದೇ ಅಂಕಣದಲ್ಲಿ ಗೇಲಿಯನ್ನೂ ಮಾಡಿದ್ದೆ. (ನೆನಪಿರುವವರು ದಯವಿಟ್ಟು ಮರೆತುಬಿಡಿ.) ಸರ್ಕಾರದ ಒಂದು ನಿಯಮ ಕಬ್ಬಿಣದ ತಗಡಿನ ಮೇಲೆ ಹೀಗೆ ಕಾಣುತ್ತದೆ ಎಂದು ನನಗೆ ತೋರಿಸಲು ಸೀಟು ಹೊಲಿಯುವವರೊಬ್ಬರು ಬೇಕಾಯಿತು.

‘ನಿಮ್ಮಕ್ಕನ ಕುರ್ಚಿ ನೆಲದಿಂದ ಎಷ್ಟು ಎತ್ತರ?’ ಆಪಾ ಟೇಪು ಕೈಗೆತ್ತಿಕೊಂಡಿದ್ದರು.

ಗೊತ್ತಿರಲಿಲ್ಲ. ಮೂರು ವರ್ಷ ಆ ಕುರ್ಚಿಯನ್ನು ತಳ್ಳಿದ್ದೇನೆ. ಅಕ್ಕನಿಗೆ ಫೋನ್ ಮಾಡಿದೆ.

‘ಕುಶನ್ ಸೇರಿ ಇಪ್ಪತ್ತೊಂದು ಇಂಚು,’ ಅಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. ‘ಯಾಕೋ?’

‘ಇಷ್ಟು ಬೇಗ ಹೆಂಗೆ ಹೇಳ್ದೆ?’

‘ಯಾವತ್ತಿಂದಲೋ ಗೊತ್ತು ಕಣೋ. ಯಾರೂ ಕೇಳಿರ್ಲಿಲ್ಲ.’

ಆಪಾ ಅಂಗಡಿಯಿಂದ ಹೊರಗೆ ಬಂದರು. ಛತ್ರದ ಮುಂದೆ ಮದುವೆಗೆ ಬಂದ ಕಾರುಗಳು ಸಾಲಾಗಿ ನಿಂತಿದ್ದವಲ್ಲ, ಡ್ರೈವರುಗಳನ್ನು ಕೇಳಿ ಒಂದೊಂದರ ಬಾಗಿಲು ತೆಗೆಸಿದರು. ನಾನು ಸೀಟಿನ ಮೇಲೆ ಕೂರಬೇಕು. ಕೂತಾಗ ಸ್ಪಂಜು ಎಷ್ಟು ಕುಗ್ಗುತ್ತದೋ ಅದನ್ನು ಬಿಟ್ಟು ಅವರು ನೆಲದಿಂದ ಅಳೆಯಬೇಕು. ಆಂಧ್ರದ ಕಡೆಯ ಡ್ರೈವರೊಬ್ಬರು ನಗುತ್ತಾ, ‘ಏಮಕ್ಕಾ, ಪೆಳ್ಳಿಕೊಡುಕುಕಿ ಸೂಟು ಕುಡ್ತಾವಾ?’ ಎಂದು ಕೇಳಿದರು, ಮದುವೆ ಗಂಡಿಗೆ ಸೂಟು ಹೊಲಿಯುತ್ತೀಯಾ ಎಂದು. ಆಪಾ ನಗಲಿಲ್ಲ. ಅವರ ಗಮನವೆಲ್ಲ ಟೇಪಿನ ಮೇಲೆ.

ನಾನು ಗೊತ್ತು ಮಾಡಿದ್ದಂಥದೇ ಸೆಡಾನು: ಹದಿನೆಂಟು ಇಂಚು. ‘ಜಾರಿ ಇಳೀಬೌದು. ವಾಪಸ್ ಮೇಲೆ ಬರೋಕೆ ಆಗಲ್ಲ. ಸೂರೂ ತಗ್ಗು, ತಲೆ ತಾಗ್ತದೆ.’ ದೊಡ್ಡ ಎಸ್‌ಯುವಿ: ಇಪ್ಪತ್ತೊಂಬತ್ತು. ‘ಇದು ಅಟ್ಟ ಹತ್ತಿದಂಗೆ.’ ಸಾಲಿನ ಕೊನೆಯಲ್ಲಿ ಒಂದು ಹ್ಯಾಚ್‌ಬ್ಯಾಕು ನಿಂತಿತ್ತು. ಸಣ್ಣದು, ಆದರೆ ಎತ್ತರದ ಮೈ, ನೆಟ್ಟಗೆ ನಿಂತ ಬಾಗಿಲು. ನಾನಾಗಿದ್ದರೆ ತಿರುಗಿಯೂ ನೋಡುತ್ತಿರಲಿಲ್ಲ. ಇಪ್ಪತ್ತೆರಡು ಇಂಚು, ಅಕ್ಕನ ಕುರ್ಚಿಗಿಂತ ಒಂದೇ ಇಂಚು ಮೇಲೆ. ಬಾಗಿಲು ಅಗಲಕ್ಕೆ ತೆರೆದುಕೊಳ್ಳುತ್ತಿತ್ತು.

ಆಪಾ ಟೇಪು ಸುತ್ತಿದರು. ‘ಇದೇ ಜಾತಿದು ತಗೊಳ್ಳಿ. ಕಂಪನಿ ಯಾವುದಾದ್ರೂ ಆಗ್ಲಿ.’

ಶಿಡ್ಲಘಟ್ಟದ ಮೇಲೆ ಮನೆಗೆ ಬರುವಾಗ ನನ್ನ ತಲೆ ಕೆಟ್ಟಿತ್ತು. ಹಿಪ್ಪುನೇರಳೆ ತೋಟಗಳ ನಡುವೆ ಎದುರಿಗೆ ಬರುತ್ತಿದ್ದ ಪ್ರತಿಯೊಂದು ಕಾರೂ ಡಬ್ಬಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಎರಡು ಡಬ್ಬ. ಮೂರು ಡಬ್ಬ. ಇದು ಎಸ್‌ಯುವಿ ವೇಷದ ಹ್ಯಾಚ್‌ಬ್ಯಾಕು. ಇಷ್ಟು ದಿನ ರಸ್ತೆಯಲ್ಲಿ ನಾನು ನೋಡಿದ್ದಾದರೂ ಏನನ್ನು? ಬಣ್ಣವನ್ನೇ?

ವಾರದ ನಂತರ ಸೀಟ್ ಕವರ್ ಹಾಕಿಸಿಕೊಳ್ಳಲು ಹೋದಾಗ ಆಪಾ ಇನ್ನೊಂದು ವಸ್ತುವನ್ನೂ ಕೈಗಿಟ್ಟರು. ಎರಡೂವರೆ ಅಡಿಯ ಹಲಗೆ, ಅಂಚು ಉಜ್ಜಿ ದುಂಡಗೆ ಮಾಡಿ, ಮೇಲೆ ನುಣುಪಾದ ರೆಕ್ಸಿನ್ ಹೊದಿಸಿದ್ದರು. ‘ಕುರ್ಚಿಗೂ ಸೀಟಿಗೂ ಮಧ್ಯ ಸೇತುವೆ ಥರ ಇಡ್ಲಿ. ಜಾರ್ಕೊಂಡು ಹೋಗ್ಬೌದು. ಮೊದ್ಲು ಮಂಚದ ಮೇಲೆ ಅಭ್ಯಾಸ ಮಾಡ್ಲಿ.’

ಅಕ್ಕ ಹತ್ತು ದಿನ ಮಂಚದ ಮೇಲೆ ಅಭ್ಯಾಸ ಮಾಡಿದಳಂತೆ. ಯಾರನ್ನೂ ಕೋಣೆಗೆ ಬಿಡದೆ.

ಹೋದ ಭಾನುವಾರ ಶೋರೂಮಿನವರು ಅಂಥದೇ ಒಂದು ಕಾರನ್ನು ಟೆಸ್ಟ್ ಡ್ರೈವ್‌ಗೆಂದು ಗೌರಿಬಿದನೂರಿನ ಮನೆಗೆ ತಂದರು. ಭಾವ ರೂಢಿಯಂತೆ ಅಂಗಿಯ ತೋಳು ಮಡಚಿಕೊಂಡು ಎತ್ತಲು ಮುಂದೆ ಬಂದರು.

‘ದೂರ ನಿಂತ್ಕೊಳ್ಳಿ,’ ಅಂದಳು ಅಕ್ಕ.

ಮುಂದಿನ ಬಾಗಿಲು ತೆಗೆದು, ಕುರ್ಚಿಯನ್ನು ಸೀಟಿಗೆ ಒತ್ತಿ ನಿಲ್ಲಿಸಿ ಬ್ರೇಕ್ ಹಾಕಿದಳು. ಕುರ್ಚಿಯ ಪಕ್ಕದ ಕೈಯನ್ನು ಕಳಚಿದಳು. ಹಲಗೆಯ ಒಂದು ತುದಿಯನ್ನು ತೊಡೆಯ ಕೆಳಗೆ ತೂರಿಸಿ, ಇನ್ನೊಂದನ್ನು ಸೀಟಿನ ಮೇಲಿಟ್ಟಳು. ಎರಡೂ ಅಂಗೈ ಊರಿ ಒಂದೊಂದೇ ಗೇಣು ಸರಿದಳು. ನಡುವೆ ಒಮ್ಮೆ ನಿಂತಳು. ಭಾವನ ಕೈ ತಾನಾಗಿ ಮುಂದೆ ಹೋಯಿತು. ಅಕ್ಕ ಕಣ್ಣಲ್ಲೇ ತಡೆದಳು. ತಲೆ ಬಗ್ಗಿಸಿದಳು, ಸರಿದಳು, ಕೂತಳು. ಕೈಯಿಂದ ಒಂದು ಕಾಲನ್ನು ಎತ್ತಿ ಒಳಗಿಟ್ಟಳು. ಆಮೇಲೆ ಇನ್ನೊಂದನ್ನು. ಹಲಗೆಯನ್ನು ಒಳಗೆಳೆದು, ಬ್ರೇಕ್ ಬಿಡಿಸಿ ಕುರ್ಚಿಯನ್ನು ಆಚೆ ತಳ್ಳಿ, ಬಾಗಿಲನ್ನು ತಾನೇ ಎಳೆದುಕೊಂಡಳು.

ಮೈಲೇಜ್ ಬಗ್ಗೆ ಹೇಳುತ್ತಿದ್ದ ಶೋರೂಮಿನವರು ಕೈಲಿದ್ದ ಪುಸ್ತಿಕೆ ಮಡಚಿದರು. ಕುಡಿಮೀಸೆಯ ನಮ್ಮ ಭಾವ, ತೊಂಡೇಬಾವಿಯಲ್ಲಿ ಇಂದಿಗೂ ಹೊಲ ಮಾಡಿಸುವ ಗಟ್ಟಿ ಮನುಷ್ಯ, ಕಾಂಪೌಂಡ್ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ನಾನು ಹಿಮಾಲಯ ನೋಡಿದ್ದೇನೆ. ಸಮುದ್ರ ನೋಡಿದ್ದೇನೆ. ಹಾಗೆ ಮೈ ಜುಮ್ಮೆಂದಿದ್ದು ನೆನಪಿಲ್ಲ.

ಗಾಜು ಇಳಿಸಿ ಅಕ್ಕ ಹೇಳಿದಳು: ‘ಇನ್ನೊಂದ್ ಸಲ ಇಳ್ದು ಹತ್ತೀನಿ. ಅವಸರ ಇಲ್ಲ ತಾನೆ?’ ಇಳಿದಳು. ಹತ್ತಿದಳು. ಮತ್ತೆ ಇಳಿದು ಮತ್ತೆ ಹತ್ತಿದಳು. ನಾನು ಹಿಂದಿನ ಸೀಟನ್ನು ಮಡಚಿ ಗಾಲಿಕುರ್ಚಿಯನ್ನು ಡಿಕ್ಕಿಯಿಂದ ಒಳಗೆ ತಳ್ಳಿದೆ. ಸಲೀಸಾಗಿ ಹೋಯಿತು.

ಅವತ್ತೇ ಬುಕ್ ಮಾಡಿದೆವು. ಸ್ವಯಂ ನಿವೃತ್ತಿಯ ಅರ್ಜಿ ಏನಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಮೊನ್ನೆ ಭಾವನೇ ಫೋನ್ ಮಾಡಿ ಹೇಳಿದರು: ‘ಆ ಕಾಗದದ ಹಿಂದ್ಗಡೆ ಟೆಸ್ಟಿಗೆ ಲೆಕ್ಕ ಬರೆದವಳೆ ಕಣಪ್ಪ. ಒಂಬತ್ತನೇ ಕ್ಲಾಸಿಂದು.’

ಶೋರೂಮಿನವರು ಕೊಟ್ಟ ಬಣ್ಣದ ಪುಸ್ತಿಕೆ ಈಗ ನನ್ನ ಮುಂದಿದೆ. ಕಾರಿನ ಉದ್ದ, ಅಗಲ, ಎತ್ತರ, ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ, ಎಲ್ಲ ಇದೆ. ನೆಲದಿಂದ ಸೀಟಿಗೆ ಎಷ್ಟು ಇಂಚು ಎನ್ನುವುದು ಮಾತ್ರ ಯಾವ ಪುಟದಲ್ಲೂ ಇಲ್ಲ.

ನಿಮ್ಮ ಮನೆಗೆ ಕಾರು ತರುವಾಗ ನೀವು ಅದನ್ನು ಹತ್ತಿ ಇಳಿಯುವ ಯಾರ ಮೊಣಕಾಲನ್ನು ನೆನೆದಿರಿ?