ದನಿ ಕೇಳಿ ಕೊಟ್ಟ ಮಾರ್ಕು

ಶಿರಾದ ಕ್ವಿಜ್‌ನಲ್ಲಿ ನನ್ನ ಮೊಮ್ಮಗಳು ಮಂಜುಳ ಸೋಲಲಿಲ್ಲ. ಅವಳನ್ನು ಸೋಲಿಸಿದವಳು ನಾನು. ಸರಿಯಾದ ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ಕಿತ್ತುಕೊಂಡು ತಪ್ಪು ಉತ್ತರವನ್ನು ಕೈಗಿಟ್ಟು ಕಳಿಸಿದೆ.

ನಡೆದದ್ದು ಇಷ್ಟೇ. ಹೆಂಗೆ ನಡೆಯಿತು ಅಂತ ಕೇಳುವ ವ್ಯವಧಾನ ಇದ್ದವರು ಮುಂದೆ ಓದಿ.

ಮಂಜುಳ ಏಳನೇ ಕ್ಲಾಸು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ ಸೇರಿಸಿ ಒಂದು ಸಾಮಾನ್ಯ ಜ್ಞಾನದ ಸ್ಪರ್ಧೆ ಇಟ್ಟಿದ್ದರು. ಗೆದ್ದವರು ತುಮಕೂರಿಗೆ. ಮಧುಗಿರಿಯ ಅವಳ ಶಾಲೆಯಿಂದ ಆರಿಸಿದ್ದು ಇವಳನ್ನು. ಹುಡುಗಿ ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ.

ಅವರ ಮಿಸ್ಸು ಒಂದು ಪುಸ್ತಕ ಕೊಟ್ಟಿದ್ದರು. ಮುಂದೆ ಪ್ರಶ್ನೆ, ದಪ್ಪ ಅಕ್ಷರದಲ್ಲಿ. ಕೊನೆಯಲ್ಲಿ ಉತ್ತರ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮಿಸ್ಸು ಹೇಳಿದ ನಿಯಮ ಒಂದೇ. ಮಕ್ಕಳು ಉತ್ತರದ ಪುಟ ತೆರೆಯಬಾರದು. ಮನೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿ, ಉತ್ತರ ನೋಡಿ, ಸರಿ ತಪ್ಪು ಹೇಳಬೇಕು.

ಯಾರು ಹೇಳುವುದು? ನನ್ನ ಮಗ ಕೆಲಸದಿಂದ ಬಂದವನೇ ಎದುರು ಮನೆಗೆ ಟಿ.ವಿ. ನೋಡಲು ಹೋಗುತ್ತಾನೆ. ಸೊಸೆ ಹೊಲಿಗೆ ಮಿಷನ್ ಮುಚ್ಚಿಟ್ಟು ಅವನ ಹಿಂದೆಯೇ ಹೋಗುತ್ತಾಳೆ. ಮಂಜುಳಾನೂ ಹೋಗುತ್ತಿದ್ದಳು. ನಾನು ಹೋಗುವುದಿಲ್ಲ. "ನಂಗೆ ಆ ಪೆಟ್ಟಿಗೆ ಹಿಡಿಸಲ್ಲ" ಎಂದು ಹೇಳಿಕೊಂಡು ಬಂದಿದ್ದೇನೆ.

(ಹಿಡಿಸದೆ ಏನು? ಕಾಣುವುದಿಲ್ಲ. ಬೆಳ್ಳಗೆ ಏನೋ ಅಲ್ಲಾಡುತ್ತದೆ, ಅಷ್ಟೇ. ಯುಗಾದಿಯಿಂದ ಹಿಂಗೆ. ಯಾರಿಗೂ ಹೇಳಿರಲಿಲ್ಲ. "ನಿಮ್ಮ ಅಕ್ಷರ ವಾರವಾರವೂ ದಪ್ಪವಾಗುತ್ತಿದೆ, ಹಾಳೆಗೆ ಆರೇ ಸಾಲು ಹಿಡಿಯುತ್ತಿದೆ" ಎಂದು, ನಾನು ವಾರವಾರ ಬರೆದು ಕಳಿಸುವ ಈ ಪತ್ರಿಕೆಯವರು ಕಾರ್ಡು ಬರೆದಿದ್ದರು. ಸ್ವಾಮಿ, ಕಾರಣ ಇದು.)

ಮನೆಯಲ್ಲಿ ನಾಲ್ಕು ಜನ. ಹಾಗಿದ್ದೂ ಸಂಜೆ ಏಳರಿಂದ ಎಂಟೂವರೆವರೆಗೆ ನನ್ನ ಜೊತೆ ಇರುವುದು ಎದುರು ಮನೆಯ ಟಿ.ವಿ. ಸದ್ದು. ಅದರಲ್ಲಿ ಯಾರೋ ನಗುತ್ತಾರೆ, ನಮ್ಮವರೂ ನಗುವುದು ಕೇಳುತ್ತದೆ. ಯಾಕೆ ನಕ್ಕರು ಎಂದು ಆಮೇಲೆ ಕೇಳಿದರೆ, "ನೀನು ಬಂದು ನೋಡ್ಬೇಕಿತ್ತು ಬುಡವ್ವ" ಎನ್ನುತ್ತಾನೆ ಮಗ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ. "ಊಟ ಆಯ್ತಾ" ಎನ್ನುವುದು ಪ್ರಶ್ನೆಯಲ್ಲ. ಉತ್ತರಕ್ಕೆ ನಿಲ್ಲದೆ ಹೋಗುತ್ತಾರೆ.

ಅಂಥ ಹೊತ್ತಿನಲ್ಲಿ ಹುಡುಗಿ ಪುಸ್ತಕ ಹಿಡಿದು ಬಂದಳು. "ಅಜ್ಜೀ, ನಿಂಗೆ ಓದಕ್ಕೆ ಬತ್ತದಲ್ಲ, ನೀನೇ ಕೇಳ್ಬುಡು."

ಕಣ್ಣು ಹೋಗಿದೆ ಕಣೇ ಎಂದು ಆಗಲೇ ಹೇಳಬೇಕಿತ್ತು. ಹೇಳಿದ್ದರೆ ಪುಸ್ತಕ ಮಿಸ್ಸಿನ ಮನೆಗೆ ಹೋಗುತ್ತಿತ್ತು, ಅದರ ಹಿಂದೆ ಹುಡುಗಿಯೂ. ನಾನು ಚಾಪೆ ಹಾಸಿದೆ.

ಪ್ರಶ್ನೆಯ ದಪ್ಪ ಅಕ್ಷರ ದೀಪಕ್ಕೆ ಹಿಡಿದರೆ ಹೆಂಗೋ ಮೂಡುತ್ತಿತ್ತು. ಮೂರನೇ ಕ್ಲಾಸು ಓದಿದವಳು, ಒಂದೊಂದೇ ಅಕ್ಷರ ಕೂಡಿಸಿ ಕೇಳುತ್ತಿದ್ದೆ. ಉತ್ತರದ ಪುಟ ಮಾತ್ರ ಬರೀ ಬೂದಿ. ಹಂಗಾದರೆ ಸರಿ ತಪ್ಪು ಹೆಂಗೆ ಹೇಳಿದೆ?

ದನಿ ಕೇಳಿ ಹೇಳಿದೆ.

ನಾನು ಹುಲಿಕುಂಟೆ ಕಡೆಯವಳು, ಕುರಿ ಸಾಕುವ ಮನೆ. ಸಂಜೆ ಕುರಿಗಳು ರೊಪ್ಪಕ್ಕೆ ಬರುವಾಗ ನಮ್ಮಪ್ಪ ಬಾಗಿಲ ಬಳಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಅರಚುವುದನ್ನು ಕೇಳಿಯೇ "ಅದಕ್ಕೆ ಜ್ವರ ಐತೆ", "ಇದರ ಮರಿ ಹಿಂದೆ ಉಳೀತು" ಎನ್ನುತ್ತಿದ್ದ. ಎದ್ದು ಹೋಗಿ ನೋಡಿದರೆ ಹಂಗೇ ಇರುತ್ತಿತ್ತು. ಆ ವಿದ್ಯೆ ನನಗೂ ಅಷ್ಟಿಷ್ಟು ಬಂದಿದೆ. ಹುಡುಗಿ ಗಟ್ಟಿಯಾಗಿ ಹೇಳಿದರೆ "ಸರಿ". ದನಿ ಎಳೆದರೆ "ತಪ್ಪು, ಇನ್ನೊಂದ್ಸಲ ಯೋಚ್ನೆ ಮಾಡು". ಅವಳು ಹಣೆ ತಟ್ಟಿಕೊಂಡು ಇನ್ನೊಂದು ಹೇಳುತ್ತಿದ್ದಳು, ಈ ಸಲ ಗಟ್ಟಿಯಾಗಿ. "ಸರಿ."

ನಂಬಿದರೆ ನಂಬಿ, ಮುಕ್ಕಾಲು ಪಾಲು ಹೊಂದಿಕೊಂಡು ಹೋಯಿತು.

ಆ ಸಂಜೆಗಳು ಚೆನ್ನಾಗಿದ್ದವು. ಸುಳ್ಳು ಯಾಕೆ ಹೇಳಲಿ?

"ಮನುಷ್ಯನ ಮೈಯಲ್ಲಿ ಎಷ್ಟು ಮೂಳೆ?"

"ಇನ್ನೂರಾರು!"

"ಸರಿ. ನಂಗೆ ಇನ್ನೂರಾರೂ ನೋಯ್ತವೆ."

"ಅಜ್ಜೀ, ನಮ್ ಬೆಟ್ಟ ಏಷ್ಯಾಕ್ಕೇ ಎರಡನೇ ದೊಡ್ಡ ಏಕಶಿಲೆಯಂತೆ, ಗೊತ್ತಾ?"

"ಊರೋರೆಲ್ಲ ಅಂಗೇ ಅಂತಾರೆ. ಒಂದನೇದು ಯಾವುದು?"

"ಅದು ಬುಕ್ಕಲ್ಲಿಲ್ಲ ಬುಡು."

ಬೇರೆ ಯಾರಿಗಾದರೂ ಗೊತ್ತೋ ಎಂದು ಮಾರನೇ ದಿನ ಬೀದಿಯಲ್ಲಿ ನಾಲ್ಕು ಜನರನ್ನು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಎರಡನೇದು ನಮ್ಮದು ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತು.

ಒಂದು ಸಂಜೆ ಕೇಳಿದೆ. "ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು?"

"ಬುಧ... ಅಲ್ವಾ?" ದನಿ ಕುರಿಮರಿಯ ಹಂಗೆ ನಡುಗಿತು.

"ತಪ್ಪು" ಎಂದೆ, ಪುಸ್ತಕದ ಬೂದಿಯನ್ನು ನೋಡುತ್ತಾ. ಅಲ್ಲಿಗೇ ಬಾಯಿ ಮುಚ್ಚಿದ್ದರೂ ಆಗುತ್ತಿತ್ತು. ಮುಚ್ಚಲಿಲ್ಲ. "ಶುಕ್ರ ಕಣೇ. ಬೆಳ್ಳಿ ಚುಕ್ಕಿ! ಕುರಿ ಹಿಂದೆ ಮಲಗಿದ್ದಾಗ ದಿನಾ ನೋಡ್ತಿದ್ವಿ. ಅದು ಮೇಲೆ ಬಂತು ಅಂದ್ರೆ ಹಿಂದೇನೇ ಸೂರ್ಯ. ಅಷ್ಟು ಹತ್ರ ಇನ್ಯಾವುದೈತೆ?"

"ಬುಕ್ಕಲ್ಲೂ ಅಂಗೇ ಐತಾ?"

"ಊಂ. ಶುಕ್ರ ಅಂತಾನೇ ಐತೆ."

ಹತ್ತು ಸಲ ಹೇಳಿಸಿದೆ. ಹತ್ತನೇ ಸಲಕ್ಕೆ ದನಿ ಗಂಟೆ ಹೊಡೆದ ಹಂಗಿತ್ತು. ಬುಧ ಎನ್ನುವವನನ್ನು ನಾನು ಒಂದು ದಿನವೂ ಆಕಾಶದಲ್ಲಿ ಕಂಡವಳಲ್ಲ. ಕಾಣದವನು ಹತ್ತಿರ ಹೆಂಗಿದ್ದಾನು?

ಸ್ಪರ್ಧೆಗೆ ನಾನೂ ಹೋದೆ. ಮಿಸ್ಸು ಬೇಡವೆಂದರೂ ಮಂಜುಳ, "ಅಜ್ಜಿ ಬರದಿದ್ರೆ ನಾನೂ ಬರಲ್ಲ" ಎಂದಳು. ಕೆಂಪು ಬಸ್ಸಿನಲ್ಲಿ ಶಿರಾದವರೆಗೂ ನನ್ನ ಕೈ ಬಿಡಲಿಲ್ಲ.

ಹಾಲ್‌ನಲ್ಲಿ ನನ್ನ ಪಕ್ಕದಲ್ಲಿ ಶಿರಾದ ಒಬ್ಬ ಮುಸ್ಲಿಂ ಹೆಂಗಸು ಕೂತಿದ್ದರು, ನನ್ನದೇ ವಯಸ್ಸು. ಅವರ ಮೊಮ್ಮಗಳೂ ಸ್ಟೇಜಿನ ಮೇಲಿದ್ದಳು. "ನಿಮ್ ಪೋರಿ ಬಾಳ ಜೋರೈತೆ ಕಣಮ್ಮ" ಎಂದರು ನನಗೆ. ಆಮೇಲೆ ಕರೀಹಲಗೆ ತೋರಿಸಿ, "ಯಾರ್ದು ಎಷ್ಟಾಯ್ತು, ಸ್ವಲ್ಪ ನೋಡಿ ಹೇಳ್ರೀ. ನಂಗೆ ಓದಕ್ಕೆ ಬರಲ್ಲ" ಎಂದರು.

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಬರಲ್ಲ ಎನ್ನುವುದಕ್ಕೆ ಅವರಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ನನಗೆ ಹಲಗೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಗಟ್ಟಿಯಾಗಿ ಹೇಳಿದೆ, "ಇಬ್ರದೂ ಸಮ ಐತೆ."

ಅಷ್ಟರಲ್ಲಿ ಪ್ರಶ್ನೆ ಕೇಳುತ್ತಿದ್ದ ಮೇಷ್ಟ್ರು ಮೈಕಿನಲ್ಲಿ ಹೇಳಿದರು: ಶಿರಾದ ಹುಡುಗಿ, ಮಧುಗಿರಿ ಹುಡುಗಿ, ಇಬ್ಬರದೂ ಸಮ. ಇನ್ನೊಂದೇ ಪ್ರಶ್ನೆ. ಮೊದಲು ಮಧುಗಿರಿಯವಳಿಗೆ. ತಪ್ಪಿದರೆ ಶಿರಾದವಳಿಗೆ.

(ನೋಡಿ, ಗಟ್ಟಿ ದನಿಯ ಅದೃಷ್ಟ.)

ಮೇಷ್ಟ್ರು ಕೇಳಿದರು, "ಸೂರ್ಯನಿಗೆ ಅತಿ ಹತ್ತಿರದ ಗ್ರಹ ಯಾವುದು?"

ನನ್ನ ಎದೆ ಉಬ್ಬಿತು. ಇದು ನಾನೇ ಹೇಳಿಕೊಟ್ಟದ್ದು!

"ಶುಕ್ರ!" ಎಂದಳು ಮಂಜುಳ. ಗಂಟೆ ಹೊಡೆದ ದನಿ. ಹಾಲ್‌ನ ಕೊನೆಯವರೆಗೂ ಕೇಳಿತು.

ಮೇಷ್ಟ್ರು ಪಾವಗಡದವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. "ಅಯ್ಯೋ, ತಪ್ಪಮ್ಮಾಯಿ" ಎಂದರು ಮೆಲ್ಲಗೆ. ಶಿರಾದ ಹುಡುಗಿ ಬುಧ ಎಂದಳು. ಚಪ್ಪಾಳೆ ಬಿತ್ತು. ಪಕ್ಕದ ಹೆಂಗಸು ಎದ್ದು ನಿಂತು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು, ಆಮೇಲೆ ನನ್ನ ಮುಖ ನೋಡಿ ಕೂತುಬಿಟ್ಟರು.

ಸ್ಟೇಜಿನ ಮೇಲೆ ಮಂಜುಳ ಏನು ಮಾಡಿದಳೋ ನನಗೆ ಕಾಣಲಿಲ್ಲ. ಕಾಣದ್ದೇ ಒಳ್ಳೆಯದಾಯಿತು.

ವಾಪಸು ಬಸ್ಸಿನಲ್ಲಿ ಮಿಸ್ಸು ಬೈದರು. "ಮೊನ್ನೆ ಕ್ಲಾಸಲ್ಲಿ ಕೇಳ್ದಾಗ ಬುಧ ಅಂತ ನೀನೇ ಹೇಳಿದ್ದೆಯಲ್ಲೇ. ಈ ಶುಕ್ರ ಎಲ್ಲಿಂದ ಬಂದ?"

"ಮರ್ತೋಯ್ತು ಮಿಸ್" ಎಂದಳು ಮಂಜುಳ.

ನನ್ನ ಕಡೆ ಬೊಟ್ಟು ಮಾಡಲಿಲ್ಲ. ಮಾಡಿದ್ದರೆ ಹಗುರಾಗುತ್ತಿತ್ತು. ಬಾಯಿಬಿಟ್ಟು ಹೇಳಲು ನನಗೂ ನಾಲಿಗೆ ಇತ್ತು. ಆಡಲಿಲ್ಲ. ಮಧುಗಿರಿಯವರೆಗೂ ಅವಳು ಕಿಟಕಿ ಪಕ್ಕ ಕೂತಳು, ನಾನು ಈ ಕಡೆ. ಕೈ ಹಿಡಿಯಲಿಲ್ಲ.

ಅವತ್ತು ಸಂಜೆ ಮಗ, ಸೊಸೆ ಎದುರು ಮನೆಗೆ ಹೋದ ಮೇಲೆ ಮಂಜುಳ ಪುಸ್ತಕ ತಂದಳು. ಉತ್ತರದ ಪುಟ ಬಿಚ್ಚಿದಳು. ನನ್ನ ಬೆರಳು ಹಿಡಿದು ಒಂದು ಸಾಲಿನ ಮೇಲೆ ಇಟ್ಟಳು.

"ಓದಜ್ಜಿ."

ನಾನು ಪುಟವನ್ನು ದೀಪದ ಹತ್ತಿರ ಎಳೆದೆ.

"ಓದು ಅಂದ್ನಲ್ಲ."

"ಕಾಣಾಕಿಲ್ಲ ಕಣೇ."

"ಯಾವತ್ತಿಂದ?"

"ಯುಗಾದಿಯಿಂದ."

"ಮತ್ತೆ ಸರಿ ತಪ್ಪು ಹೆಂಗ್ ಹೇಳ್ತಿದ್ದೆ?"

"ನಿನ್ ದನಿ ಕೇಳಿ."

ಅವಳು ನನ್ನ ಬೆರಳು ಬಿಟ್ಟು ಪುಸ್ತಕ ಮುಚ್ಚಿದಳು. ಆಮೇಲೆ, "ಹೇಳ್ಬಾರ್ದಿತ್ತಾ ಅಜ್ಜಿ? ನಾನೊಬ್ಳೇ ಓದ್ಕಂತಿದ್ದೆ" ಎಂದಳು.

ಅದಕ್ಕೇ ಹೇಳಲಿಲ್ಲ. ಇದನ್ನು ಮಾತ್ರ ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅವಳು ಪುಸ್ತಕ ಚೀಲಕ್ಕೆ ಹಾಕಿಕೊಂಡು ಎದುರು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಅಲ್ಲಿ ಎಲ್ಲರೂ ನಕ್ಕರು. ಅದರಲ್ಲಿ ಅವಳ ನಗು ಇದೆಯೋ ಎಂದು ಕಿವಿಗೊಟ್ಟೆ. ದನಿ ಗುರುತಿಸುವ ವಿದ್ಯೆ ಅವತ್ತು ಕೈಕೊಟ್ಟಿತು.

ಕೂತು ಯೋಚನೆ ಮಾಡಿದೆ. ದನಿ ಕೇಳಿದರೆ ತಿಳಿಯುವುದು, ಆಡಿದವರಿಗೆ ತಮ್ಮ ಮಾತಿನ ಮೇಲೆ ಎಷ್ಟು ನಂಬಿಕೆ ಇದೆ ಅನ್ನುವುದು. ಮಾತು ನಿಜವೋ ಸುಳ್ಳೋ ಅದರಲ್ಲಿ ಎಲ್ಲಿ ತಿಳಿಯುತ್ತದೆ? ಕುರಿ ಸುಳ್ಳು ಹೇಳುವುದಿಲ್ಲ, ನಮ್ಮಪ್ಪನಿಗೆ ನಡೆಯಿತು. ಮನುಷ್ಯರ ಹತ್ತಿರ ನಡೆಯುತ್ತದಾ? ನಮ್ಮ ಬಸ್‌ಸ್ಟ್ಯಾಂಡಿನಲ್ಲಿ "ಕೊರಟಗೆರೆ ಕೊರಟಗೆರೆ, ಈಗ್ಲೇ ಬುಡೋದು" ಎಂದು ಕೂಗುವವನ ದನಿ ಎಷ್ಟು ಗಟ್ಟಿ! ಓಡಿ ಹತ್ತುತ್ತೇವೆ. ಬಸ್ಸು ಅರ್ಧ ಗಂಟೆ ಅಲ್ಲೇ ನಿಂತಿರುತ್ತದೆ. ಎಲೆಕ್ಷನ್ನಿನಲ್ಲಿ ಮೈಕು ಹಿಡಿದವರ ವಿಷಯ ಬಿಡಿ. ಸಣ್ಣ ದನಿಯಲ್ಲಿ "ಅಲ್ವಾ?" ಎಂದು ಕೇಳುವವರನ್ನು ಮಾತ್ರ ನಾವೆಲ್ಲ ಸೇರಿ "ತಪ್ಪು" ಎಂದು ಕೂರಿಸುತ್ತೇವೆ. ನಾನೊಬ್ಬಳೇ ಅಲ್ಲ ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಮಾರನೇ ಬೆಳಿಗ್ಗೆ ಎದ್ದವಳೇ ಮೊದಲು ಶಾಲೆಗೆ ಹೋದೆ. ಬಾಗಿಲಲ್ಲೇ ನಿಂತು, ಮಕ್ಕಳೆಲ್ಲ ಕೇಳುವ ಹಂಗೆ, "ಶುಕ್ರ ಅಂತ ಹೇಳಿಕೊಟ್ಟೋಳು ನಾನು. ಇವಳು ಬುಧ ಅಂದಿದ್ಳು" ಎಂದು ಮಿಸ್ಸಿಗೆ ಹೇಳಿದೆ. ಮಂಜುಳ ಯಾವ ಬೆಂಚಿನಲ್ಲಿದ್ದಳೋ ಕಾಣಲಿಲ್ಲ. ಉತ್ತರಕ್ಕೆ ಕಾಯದೆ ಅಲ್ಲಿಂದ ಸೀದಾ ಸರ್ಕಾರಿ ಆಸ್ಪತ್ರೆಗೆ ಹೋದೆ, ಒಬ್ಬಳೇ. ಅವತ್ತು ಕಣ್ಣಿನ ಡಾಕ್ಟರ್ ಬರುವ ದಿನ.

ಡಾಕ್ಟರಮ್ಮ ಗೋಡೆಯ ಮೇಲಿನ ಹಲಗೆಗೆ ಕೋಲು ಇಟ್ಟು, "ಇದೇನಮ್ಮ?" ಎಂದರು.

"ರ" ಎಂದೆ, ಗಂಟೆ ಹೊಡೆದ ಹಂಗೆ.

"ತಪ್ಪು. ಅದರ ಕೆಳಗಿನದು?"

ಬಾಯಿಗೆ ಇನ್ನೊಂದು ಅಕ್ಷರ ಬಂದಿತ್ತು. ನುಂಗಿಕೊಂಡೆ. "ಕಾಣಾಕಿಲ್ಲ" ಎಂದೆ. ದನಿ ನಡುಗಿತು.

"ಸರಿ" ಎಂದು ಡಾಕ್ಟರಮ್ಮ ಬರೆದುಕೊಂಡರು.

ಇಡೀ ಕ್ವಿಜ್‌ನಲ್ಲಿ ನಾನು ಕೊಟ್ಟ ಸರಿಯುತ್ತರ ಅದೊಂದೇ.