ಬೊಟ್ಟಿನ ಕೆಳಗಿನ ದೀಪ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಆ ಸರ್ವರ್ ಕೇಂದ್ರದಲ್ಲಿ ಮೆಹ್ನಾಜ್‌ಗೆ 'ಇನ್ನೊಂದ್ಸಲ ಮೇಡಂ' ಎಂದೇ ಹೆಸರು. ಮಗ್ಗದ ಮನೆಯ ಮಗಳು. ಎಳೆ ತುಂಡಾದರೆ ಮಗ್ಗ ನಿಲ್ಲಿಸಿ ಹುಡುಕಬೇಕೆಂದು ಅಪ್ಪ ಮುನಾವರ್ ಪಾಷಾ ಹೇಳಿಕೊಟ್ಟಿದ್ದು ರಕ್ತಕ್ಕೇ ಇಳಿದಿತ್ತು. ಯಾವ ಕೆಲಸವನ್ನೂ 'ಇನ್ನೊಂದ್ಸಲ ನೋಡಿ' ಎನ್ನದೆ ಮುಗಿಸಲು ಬಿಡುತ್ತಿರಲಿಲ್ಲ. ಹುಡುಗರು ಬೆನ್ನ ಹಿಂದೆ ಅಣಕಿಸುವುದು ಅವಳಿಗೂ ಗೊತ್ತಿತ್ತು.

ಅವಳ ಸುಪರ್ದಿನಲ್ಲಿದ್ದ ದೊಡ್ಡ ಸರ್ವರ್ ಹೊರಗೆ ಒಂದೇ ಪೆಟ್ಟಿಗೆ, ಒಳಗೆ ಎರಡು ಪಾಲು. ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಹಾಗೆ. ಒಂದರಲ್ಲಿ ಹಾಲಿನ ಡೈರಿಯ ಲೆಕ್ಕ, ಇನ್ನೊಂದರಲ್ಲಿ ಆಸ್ಪತ್ರೆ. ಒಂದನ್ನು ಆಫ್ ಮಾಡಿ ರಿಪೇರಿ ಮಾಡುತ್ತಿದ್ದರೂ ಇನ್ನೊಂದು ತನ್ನ ಪಾಡಿಗೆ ನಡೆಯುತ್ತಿರುತ್ತದೆ.

ಆಯುಧಪೂಜೆಯ ಮಧ್ಯಾಹ್ನ ಡೈರಿ ಪಾಲಿನ ಬೋರ್ಡೊಂದು ಕೈಕೊಟ್ಟಿತು. ಸಂಜೆ ಹಾಲು ಬರುವಷ್ಟರಲ್ಲಿ ಸರಿಮಾಡಿ ಎಂದು ಮ್ಯಾನೇಜರ್ ಭಾನುಪ್ರಕಾಶ್ ತಲೆ ತಿನ್ನುತ್ತಿದ್ದರು. ಮೆಹ್ನಾಜ್ ತನ್ನ ಕೋಣೆಯ ಪರದೆಯಿಂದಲೇ ಆ ಪಾಲನ್ನು ಆಫ್ ಮಾಡಿದಳು. ತೆಗೆಯಬೇಕಾದ ಬೋರ್ಡಿನ ನೀಲಿ ದೀಪ ಮಿನುಗುವಂತೆ ಮಾಡಿ, ಯಂತ್ರದ ಕೋಣೆಯಲ್ಲಿದ್ದ ರಿಪೇರಿ ಹುಡುಗ ನಂದೀಶನಿಗೆ ಫೋನ್ ಮಾಡಿದಳು.

"ದೀಪ ಯಾವ್ದೂ ಕಾಣ್ತಿಲ್ಲ ಮೇಡಂ. ಕೈಪಿಡಿ ಚಿತ್ರದಲ್ಲಿ ಎಡಗಡೆಯಿಂದ ಮೂರನೇದು ಅಲ್ವಾ? ಎಳೀತೀನಿ."

"ತಡಿ! ಇನ್ನೊಂದ್ಸಲ ನೋಡು."

"ನೋಡ್ದೆ. ಎಲ್ಲಾದ್ರ ಮೇಲೂ ಬರೀ ಬೊಟ್ಟೇ ಇದೆ."

ಅವಳಿಗೆ ಹೊಳೆಯಿತು. ಬೆಳಿಗ್ಗೆ ನಂದೀಶ್ ಒಂದೊಂದು ಬೋರ್ಡಿಗೂ ಭಕ್ತಿಯಿಂದ ಗಂಧ ಬಳಿದು ಕುಂಕುಮ ಇಟ್ಟಿದ್ದ, ಸರಿಯಾಗಿ ಆ ಪುಟ್ಟ ದೀಪಗಳ ಮೇಲೆ. ಒರೆಸು ಎನ್ನಲು ಹೊರಟು ತಡೆದುಕೊಂಡಳು. ಹಬ್ಬದ ದಿನ ಕುಂಕುಮ ಒರೆಸು ಎನ್ನುವವಳು ತಾನೇ ಆಗಬೇಕೇ? ನಾಳೆ ಯಾರು ಏನೆಂದಾರು? ನಿಜಕ್ಕೂ ಹೆದರಿಕೆಯಾಯಿತು. ಆದರೆ ತಪ್ಪು ಬೋರ್ಡ್ ಎಳೆದರೆ ಆಸ್ಪತ್ರೆಯ ಪರದೆಗಳೆಲ್ಲ ಕಪ್ಪಾಗುತ್ತವೆ. ಅಲ್ಲಿ ಯಾರದೋ ಹೊಟ್ಟೆ ಕೊಯ್ದಿಟ್ಟಿರಬಹುದು.

"ಕೈ ತೆಗಿ, ಬಂದೆ!" ಎಂದವಳೇ ಓಡಿದಳು.

ನಂದೀಶ್ ಪೆಟ್ಟಿಗೆಯ ಹಿಂದೆ ನಿಂತು ಮೂರನೆಯ ಬೋರ್ಡಿನ ಹಿಡಿಯನ್ನು ಅರ್ಧ ಸಡಿಲಿಸಿದ್ದ.

"ಬೊಟ್ಟು ಒರೆಸ್ಬೇಕು ಕಣಪ್ಪಾ."

"ಹಬ್ಬದ ದಿನಾನಾ ಮೇಡಂ?"

ಅವಳು ದುಪಟ್ಟಾದ ಅಂಚಿನಿಂದ ಮೂರನೆಯದನ್ನು ಒರೆಸಿದಳು. ಕೆಳಗೆ ದೀಪ ಆರಿತ್ತು. ನಾಲ್ಕನೆಯದನ್ನು ಒರೆಸಿದಳು. ನೀಲಿ ಮಿನುಗಿತು. ಚಿತ್ರ ಪೆಟ್ಟಿಗೆಯ ಮುಂಭಾಗದ್ದು. ಹಿಂದೆ ನಿಂತವನಿಗೆ ಎಡ ಬಲವಾಗಿ, ಆರು ಬೋರ್ಡುಗಳಲ್ಲಿ ಮೂರನೆಯದು ನಾಲ್ಕನೆಯದಾಗಿತ್ತು. ಅವನ ಕೈ ಆಸ್ಪತ್ರೆಯ ಬೋರ್ಡಿನ ಮೇಲಿತ್ತು.

ನಂದೀಶ್ ಮೆಲ್ಲಗೆ ಹಿಡಿಯನ್ನು ಮತ್ತೆ ಬಿಗಿಮಾಡಿ, ನಾಲ್ಕನೆಯದರತ್ತ ಸರಿದ.

ಬೋರ್ಡ್ ಬದಲಾಯಿತು, ಡೈರಿಯ ಪಾಲು ಎದ್ದಿತು. ಆಮೇಲೆ ಅವನು ಕುಂಕುಮದ ಬಟ್ಟಲನ್ನು ಅವಳ ಮುಂದೆ ಹಿಡಿದ.

"ಈ ಸಲ ನೀವೇ ಇಡಿ ಮೇಡಂ."

"ನಾನಾ?"

"ಹೂಂ. ದೀಪ ಎಲ್ಲಿದೆ ಅಂತ ನಿಮಗೇ ಗೊತ್ತಲ್ವಾ."

ಅವಳು ಆಸ್ಪತ್ರೆಯ ಬೋರ್ಡಿಗೆ, ದೀಪ ಬಿಟ್ಟು ಬೆರಳಷ್ಟು ಆಚೆಗೆ, ಬೊಟ್ಟಿಟ್ಟಳು. ನಂದೀಶ್ ಬಗ್ಗಿ ನೋಡಿದ.

"ಇನ್ನೊಂದ್ಸಲ ನೋಡಿ ಮೇಡಂ," ಎಂದ.