ಹಸಿರು ಬಳಿದ ಬೀದಿ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಎಣಿಕೆಯಕ್ಕ. ವರ್ಷಕ್ಕೊಮ್ಮೆ ಮನೆಮನೆಯ ಹೊಸ್ತಿಲೇರಿ, ನೀರು ಎಲ್ಲಿಂದ ಬರುತ್ತದೆ, ಅಡುಗೆ ಯಾವುದರಲ್ಲಿ ಬೇಯುತ್ತದೆ, ಮಕ್ಕಳು ಶಾಲೆಯ ಮುಖ ಕಂಡಿದ್ದಾರೆಯೇ, ದುಡಿಯುವ ಕೈಗಳಿಗೆ ಕೆಲಸವಿದೆಯೇ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕಾಯಕ. ನಗರಸಭೆಯವರು ಆ ಉತ್ತರಗಳನ್ನೆಲ್ಲ ಕೂಡಿಸಿ ನಗರದ ನಕ್ಷೆಗೆ ಬಣ್ಣ ಬಳಿಯುತ್ತಿದ್ದರು: ಹಿಂದುಳಿದ ಬೀದಿಗೆ ಕೆಂಪು, ಏಳುತ್ತಿರುವುದಕ್ಕೆ ಹಳದಿ, ಎದ್ದು ನಿಂತದ್ದಕ್ಕೆ ಹಸಿರು. ಕಂಡದ್ದನ್ನು ಬರೆ, ಹೇಳಿದ್ದನ್ನು ಬರೆ, ವಾದಕ್ಕಿಳಿಯಬೇಡ ಎಂಬುದು ಅವಳಿಗೆ ಕಲಿಸಿದ ಮೊದಲ ನೇಮ. ಅದನ್ನು ಅವಳು ದೇವರ ಮುಂದಿನ ದೀಪದಂತೆ ಕಾಪಾಡಿಕೊಂಡು ಬಂದಿದ್ದಳು.

ಈ ಸಲ ಆ ನೇಮವೇ ಕೊರಳಿಗೆ ಉರುಳಾಯಿತು.

ತನ್ನದೇ ಬೀದಿಯ ಎಣಿಕೆಗೆ ಹೊರಟವಳು ಮೊದಲ ಮನೆಯಲ್ಲಿ ಗ್ಯಾಸ್ ಒಲೆಯನ್ನು ಕಂಡು ಹಿಗ್ಗಿದಳು. ಮುಂದಿನ ಮನೆಯಲ್ಲೂ ಒಲೆಯಿತ್ತು. ಅದರ ಒಂದು ಕಾಲು ಮುರಿದು, ಕೆಳಗೆ ಮರದ ಚಕ್ಕೆ ಇಟ್ಟಿದ್ದರು. ಅದರಾಚೆಯ ಮನೆಯಲ್ಲೂ ಅದೇ ಮುರುಕು ಕಾಲು, ಅದೇ ಚಕ್ಕೆ. ಅವಳು ಮುಂಬಾಗಿಲಿಗೆ ಬರುವ ಮೊದಲೇ ಒಲೆ ಹಿಂಬಾಗಿಲಿಂದ ಒಳಗೆ ಬಂದು ಕೂರುತ್ತಿತ್ತು. ನಗು ಬಂತು, ನುಂಗಿಕೊಂಡಳು, ಕಂಡದ್ದನ್ನು ಬರೆದಳು, ಕೊನೆಗೆ ತನ್ನ ಮನೆಯಲ್ಲಿ ಕಂಡ ಅದೇ ಒಲೆಯನ್ನೂ. ಸಂಜೆ ತಿಳಿಯಿತು, ಒಲೆಯ ಈ ಮೆರವಣಿಗೆಗೆ ಮುಂದಾಳು ಬೇರೆ ಯಾರೂ ಅಲ್ಲ, ಸ್ವಂತ ಅತ್ತೆ.

"ನನ್ನ ಸೊಸೆ ಬರೆಯೋ ಬೀದೀಲಿ ಹೊಗೆ ಇದೆ ಅಂತ ಊರಿಗೆಲ್ಲ ಗೊತ್ತಾಗ್ಬೇಕೇನೇ?" ಎಂದು ಆ ಮುದುಕಿ ಕೆಮ್ಮುತ್ತಲೇ ನಕ್ಕಿದ್ದಳು. "ಕಾಲು ಮುರಿದ ಒಲೆ ಆದ್ರೂ ಬೀದಿಯೆಲ್ಲಾ ಓಡಾಡ್ತು ನೋಡು."

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಬೀದಿ ಹಸಿರಾಗಲಿದೆ, ಹೊಗೆ ತೊಲಗಿದ್ದರಿಂದ ಉಸಿರಿನ ಗಾಡಿಯನ್ನು ಬೇರೆ ಕೆಂಪು ಬೀದಿಗೆ ಕಳಿಸುತ್ತಾರೆ ಎಂದು ನಗರಸಭೆಯ ಮೇಲ್ವಿಚಾರಕ ಎಣಿಕೆಯಕ್ಕನಿಗೆ ಶುಭವಾರ್ತೆಯಂತೆ ಹೇಳಿದ. ಸೌದೆಯ ಹೊಗೆಯಿಂದ ಕಟ್ಟಿಹೋದ ಎದೆಗಳಿಗೆ ಮುಸುಕು ತೊಡಿಸಿ ಔಷಧದ ಆವಿ ಕೊಡಲು ವಾರವಾರ ಬರುತ್ತಿದ್ದ ಗಾಡಿ ಅದು. ಅದರ ಮೆಟ್ಟಿಲ ಬಳಿ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದವಳು ಅತ್ತೆ. ಹಿಂದೊಮ್ಮೆ ರಸ್ತೆ ಕುಸಿದು ಗಾಡಿ ತಪ್ಪಿದ ವಾರ, ನೀರಿನಿಂದ ಎಳೆದ ಮೀನಿನಂತೆ ಅವಳು ಬಾಯಿ ತೆರೆದು ಒದ್ದಾಡಿದ್ದನ್ನೂ, ತುಟಿ ಕಪ್ಪಿಟ್ಟದ್ದನ್ನೂ ಸೊಸೆ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಪಕ್ಕದ ಕೋಣೆಯ ಉಬ್ಬಸದ ಸಿಳ್ಳು ಕ್ಷಣ ನಿಂತರೂ ಅವಳು ಎದ್ದು ಹೋಗಿ ನೋಡುತ್ತಿದ್ದಳು.

ಒಂದೇ ದಾರಿ ಉಳಿದಿತ್ತು. ಬಣ್ಣ ಬಳಿಯುವ ಮೊದಲು ಎಣಿಕೆಯನ್ನು ಬೀದಿಯ ಸಭೆಯಲ್ಲಿ ಓದುತ್ತಾರೆ. ಜನ ಒಪ್ಪಿದರೆ ಮುದ್ರೆ ಬೀಳುತ್ತದೆ. ಅಲ್ಲಿ ನಿಜ ಹೇಳಿದರೆ ತನ್ನ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಅತ್ತೆಯ ಉಸಿರಿಗೆ. ವಿಷಯ ತಿಳಿಸಿದಾಗ ಅತ್ತೆ ಗೋಡೆಯತ್ತ ಮುಖ ತಿರುಗಿಸಿದಳು.

"ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಡ ಕಣೇ. ಗಾಡಿ ಬರದಿದ್ರೆ ದೇವರಿದಾನೆ."

ದೇವರಿದ್ದಾನೆಂಬುದರಲ್ಲಿ ಸೊಸೆಗೆ ಸಂಶಯವಿರಲಿಲ್ಲ; ಬಾಯಿ ಮುಚ್ಚಿ ಕುಳಿತವರಿಗೆ ಅವನು ಯಾವ ಲೆಕ್ಕದಲ್ಲಿ ಸಹಾಯ ಮಾಡುತ್ತಾನೆಂಬ ಭಯ ಮಾತ್ರವಿತ್ತು.

ಸಭೆಯಲ್ಲಿ ಮೇಲ್ವಿಚಾರಕ ಓದುತ್ತಾ ಹೋದ. ಹೊಗೆಯಿಲ್ಲದ ಅಡುಗೆ, ಬೀದಿಯ ಎಲ್ಲ ಮನೆಗಳಲ್ಲಿ ಎಂದಾಗ ಗಂಡಸರು ಚಪ್ಪಾಳೆ ತಟ್ಟಿದರು, ಹೆಂಗಸರು ನೆಲ ನೋಡಿದರು. ಯಾರದಾದರೂ ಆಕ್ಷೇಪಣೆ ಉಂಟೇ ಎಂದು ಕೇಳಿ ಅವನು ಮುದ್ರೆಗೆ ಕೈಹಾಕಿದ.  ಎಣಿಕೆಯಕ್ಕ ಎದ್ದಳು. ಯಾರನ್ನೂ ದೂರಲಿಲ್ಲ. ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿದಳು: ಪ್ರಶ್ನೆ ಕೇಳಿದಳು.

"ಅತ್ತೆ, ಇವತ್ತು ನಮ್ಮನೇಲಿ ಅಡುಗೆ ಯಾವ ಒಲೆ ಮೇಲೆ ಬೆಂದಿದ್ದು? ನೀವು ಏನು ಹೇಳ್ತೀರೋ ಅದನ್ನೇ ಬರ್ಕೋತೀನಿ."

ಸಭೆ ಮುದುಕಿಯ ಕಡೆ ತಿರುಗಿತು. ಅವಳು ಸೊಸೆಯನ್ನು ಸುಡುವಂತೆ ನೋಡಿದಳು. ಗ್ಯಾಸೆಂದು ಹೇಳಲು ಬಾಯಿ ತೆರೆದಳೋ ಏನೋ, ಮಾತಿಗಿಂತ ಮೊದಲು ಕೆಮ್ಮು ನುಗ್ಗಿ ಅವಳನ್ನು ಎರಡಾಗಿ ಮಡಿಸಿತು. 

"ಸೌದೆ," ಎಂದಳು ಕೊನೆಗೆ. "ಬರ್ಕೋ. ಸೌದೆ ಒಲೆ. ಆ ಗ್ಯಾಸ್ ಒಲೆ ಮೂಲೆಮನೆ ದರ್ಜಿದು."

"ನಮ್ಮನೇಲೂ ಅದು ಉರಿದು ಎಷ್ಟು ಕಾಲ ಆಯ್ತು ಅಜ್ಜಿ," ಎಂದ ದರ್ಜಿ, ತಲೆ ಎತ್ತದೆ. "ಸಿಲಿಂಡರು ಖಾಲಿ."

ಮುದ್ರೆ ಬೀಳಲಿಲ್ಲ. ಎಣಿಕೆ ಹೊಸದಾಗಿ ನಡೆಯಬೇಕು, ಅದನ್ನು ಬೇರೆ ಬೀದಿಯವಳೊಬ್ಬಳು ಮಾಡುತ್ತಾಳೆ, ಎಣಿಕೆಯಕ್ಕ ಅಲ್ಲಿಯವರೆಗೆ ಮನೆಯಲ್ಲಿರಲಿ ಎಂದಾಯಿತು. ಗಾಡಿಯೂ ಅಲ್ಲಿಯವರೆಗೆ ಮಾತ್ರ. ಅತ್ತೆ ಸೊಸೆಯೊಡನೆ ಮಾತು ಬಿಟ್ಟಳು. ಆದರೆ ಗಾಡಿ ಬಂದ ಬೆಳಿಗ್ಗೆ ಮೆಟ್ಟಿಲೇರಲು ಹಿಡಿದದ್ದು ಅವಳ ತೋಳನ್ನೇ. ಮುಸುಕಿನೊಳಗೆ ಆವಿ ತುಂಬಿ ಸಿಳ್ಳು ಮೆಲ್ಲಗೆ ತಗ್ಗಿತು. ಎಣಿಕೆಯಕ್ಕ ಬಹುದಿನಗಳ ಮೇಲೆ ತಾನೂ ನಿಡುಸುಯ್ದು, ಗಾಡಿಯ ಕಿಟಕಿಯಿಂದ ಬೀದಿಯತ್ತ ನೋಡಿದಳು.

ಹೊಸ ಎಣಿಕೆಯವಳು ಬರುವ ಸುದ್ದಿ ಹಬ್ಬಿತ್ತು. ಮೂಲೆಮನೆಯ ಮೆಟ್ಟಿಲ ಮೇಲೆ ದರ್ಜಿಯ ಹೆಂಡತಿ ಕುಳಿತು, ಮುರುಕು ಕಾಲಿನ ಆ ಒಲೆಯನ್ನು ಸೌದೆಯ ಬೂದಿ ಹಾಕಿ ಥಳಥಳನೆ ಬೆಳಗುತ್ತಿದ್ದಳು.